ಜನವರಿ ಒಂದರಂದು ಹುಟ್ಟಿದವರು

ನಾನು ಆ ತಾಯಿಗೆ ಹೇಳಿದ ಮಾತು ಇಷ್ಟು: "ನಿಮ್ಮದು ನಿಮ್ಮ ವಯಸ್ಸಿಗೆ ಎಷ್ಟಿರಬೇಕೋ ಅಷ್ಟ ಐತ್ರಿ ಅಮ್ಮಾ. ಕಾಳಜಿ ಮಾಡೂದೇನಿಲ್ಲ."

ಎರಡು ವಾಕ್ಯ. ಮೊದಲನೆಯದನ್ನು ಆ ಹೊತ್ತಿಗೆ ನಿಜವೆಂದು ನಂಬಿದ್ದೆ. ಎರಡನೆಯದನ್ನು ಹೇಳುವ ಅಧಿಕಾರ ನನಗಿರಲಿಲ್ಲ. ಆಮೇಲೆ ಆಸ್ಪತ್ರೆಯ ನೈತಿಕ ಸಮಿತಿಗೆ ಇದನ್ನು ಬರೆದುಕೊಡಬೇಕಾಗಿ ಬಂದಾಗ ಸ್ವಲ್ಪ ಮೆತ್ತಗಿನ ಮಾತುಗಳಲ್ಲಿ ಬರೆಯಲು ಮೂರು ಸಲ ಪ್ರಯತ್ನಿಸಿದೆ. ಮೂರನ್ನೂ ಹರಿದೆ. ನಾಲ್ಕನೆಯ ಸಲ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಇಲ್ಲಿಯೂ ಹಾಗೆಯೇ ಬರೆದಿದ್ದೇನೆ.

ವಿಜಯಪುರದಲ್ಲಿ, ಸೊಲ್ಲಾಪುರ ರಸ್ತೆಗೆ ಹತ್ತಿದ ಒಂದು ಆಸ್ಪತ್ರೆಯ ಸಂಶೋಧನಾ ಪ್ರಯೋಗಾಲಯದಲ್ಲಿ ನನ್ನ ಕೆಲಸ. ನಾನು ವೈದ್ಯನಲ್ಲ. ಡಿಎನ್‌ಎ ಬೇರ್ಪಡಿಸುವುದು, ಅಳೆಯುವುದು, ಅಂಕಿಗಳನ್ನು ಜೋಡಿಸುವುದು ನನಗೆ ಬರುವ ವಿದ್ಯೆ. ದೊಡ್ಡ ಕರುಳಿನ ಕ್ಯಾನ್ಸರು ಗಡ್ಡೆಯಾಗಿ ಕಾಣುವ ಮೊದಲೇ, ನೋಡಲು ಪೂರ್ತಿ ಆರೋಗ್ಯವಾಗಿರುವ ಒಳಪದರದಲ್ಲಿ ಏನಾದರೂ ಸೂಚನೆ ಇರುತ್ತದೆಯೇ ಎಂಬುದು ನಮ್ಮ ಅಧ್ಯಯನದ ಪ್ರಶ್ನೆ. ಡಿಎನ್‌ಎಯ ಅಕ್ಷರಗಳು ಬದಲಾಗದೆಯೂ ಅವುಗಳ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು ಬಂದು ಕೂರುತ್ತದೆ. ಜೀನಿನ ಮೊದಲ ಭಾಗದಲ್ಲಿ ಇಂಥ ಗುರುತುಗಳು ಹೆಚ್ಚಾದರೆ ಆ ಜೀನು ಕೆಲಸ ನಿಲ್ಲಿಸಬಹುದು. ಕರುಳಿನಲ್ಲಿ ಕೆಲವು ಗುರುತುಗಳು ವಯಸ್ಸಾದಂತೆ ಎಲ್ಲರಲ್ಲೂ ಹೆಚ್ಚುತ್ತವೆ. ಕೆಲವರಲ್ಲಿ ಮಾತ್ರ ವಯಸ್ಸನ್ನು ಮೀರಿ ಹೆಚ್ಚಿರುತ್ತವೆ. ಅಂಥವರಿಗೆ ಮುಂದೆ ಅಪಾಯ ಜಾಸ್ತಿಯೇ ಎಂದು ಅನೇಕ ಕಡೆ ಹುಡುಕುತ್ತಿದ್ದಾರೆ. ನಾವೂ ಹುಡುಕುತ್ತಿದ್ದೆವು.

ಹುಡುಕುವ ಕ್ರಮ ಹೀಗೆ. ವೈದ್ಯರು ಕ್ಯಾಮೆರಾ ಕೊಳವೆಯಿಂದ ಕರುಳು ಪರೀಕ್ಷಿಸುವಾಗ, ರೋಗಿ ಒಪ್ಪಿದ್ದರೆ, ಆರೋಗ್ಯವಾಗಿ ಕಾಣುವ ಜಾಗದಿಂದ ಜೋಳದ ಕಾಳಿಗಿಂತ ಸಣ್ಣ ಚೂರುಗಳನ್ನು ತೆಗೆದು ಕೊಡುತ್ತಿದ್ದರು. ಕರುಳಿನ ಒಂದೊಂದು ಭಾಗದಲ್ಲಿ ಗುರುತುಗಳ ಪ್ರಮಾಣ ಬೇರೆ ಬೇರೆ ಇರುವುದರಿಂದ ಎಲ್ಲರಲ್ಲೂ ಅದೇ ಎರಡು ಜಾಗಗಳಿಂದ ತೆಗೆಯಬೇಕು. ಚೂರು ಕೂಡಲೇ ಮಂಜುಗಡ್ಡೆಗೆ ಹೋಗಬೇಕು, ಅಲ್ಲಿಂದ ಮೈನಸ್ ಎಂಬತ್ತು ಡಿಗ್ರಿಯ ಪೆಟ್ಟಿಗೆಗೆ. ಡಿಎನ್‌ಎ ಬೇರ್ಪಡಿಸಿ ಬೈಸಲ್ಫೈಟ್ ದ್ರಾವಣದಲ್ಲಿ ಇಟ್ಟರೆ ಗುರುತಿಲ್ಲದ ಅಕ್ಷರಗಳು ಬದಲಾಗುತ್ತವೆ, ಗುರುತು ಹೊತ್ತವು ಹಾಗೇ ಉಳಿಯುತ್ತವೆ. ಉಳಿದವು ನೂರಕ್ಕೆ ಎಷ್ಟು ಎಂದು ಯಂತ್ರ ಎಣಿಸುತ್ತದೆ. ದ್ರಾವಣ ಸರಿಯಾಗಿ ಕೆಲಸ ಮಾಡದಿದ್ದರೆ ಗುರುತಿಲ್ಲದ್ದೂ ಗುರುತಿದ್ದಂತೆ ತೋರುತ್ತದೆ. ಅದಕ್ಕಾಗಿ ಒಟ್ಟಿಗೆ ಪರೀಕ್ಷಿಸುವ ಚೂರುಗಳ ಪ್ರತಿ ತಂಡದ ಜೊತೆ, ಒಂದೂ ಗುರುತಿಲ್ಲವೆಂದು ಮೊದಲೇ ಗೊತ್ತಿರುವ ಡಿಎನ್‌ಎಯನ್ನು ಸಾಕ್ಷಿಯಾಗಿ ಇಡುತ್ತಿದ್ದೆ. ಸಾಕ್ಷಿ ಸ್ವಲ್ಪ ತಪ್ಪಿದರೂ ಇಡೀ ತಂಡವನ್ನು ಚೆಲ್ಲಿ ಮೊದಲಿನಿಂದ ಮಾಡುತ್ತಿದ್ದೆ. ಇದರಲ್ಲಿ ನಾನು ಹಠಮಾರಿ ಎಂದು ಹೆಸರಾಗಿದ್ದೆ. ಆ ಹೆಸರು ನನಗೆ ಇಷ್ಟವಾಗಿತ್ತು.

ಕೊನೆಗೆ ಒಂದು ನಕ್ಷೆ. ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ಗುರುತಿನ ಪ್ರಮಾಣ, ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ, ನಡುವೆ ಏರುತ್ತ ಹೋಗುವ ಒಂದು ಗೆರೆ. ಚುಕ್ಕೆ ಗೆರೆಯ ಮೇಲಿದ್ದರೆ ಆ ಕರುಳು ವಯಸ್ಸಿಗಿಂತ ಮುಂದೆ ಹೋಗಿದೆ ಎಂದರ್ಥ. ಹಾಗಾಗಿ ಗುರುತಿನ ಪ್ರಮಾಣ ಎಷ್ಟು ಮುಖ್ಯವೋ ವಯಸ್ಸೂ ಅಷ್ಟೇ ಮುಖ್ಯ. ಪ್ರಮಾಣವನ್ನು ನಾನು ಅಳೆಯುತ್ತಿದ್ದೆ. ವಯಸ್ಸು ಆಧಾರ್ ಕಾರ್ಡಿನಿಂದ ಬರುತ್ತಿತ್ತು.

ರೋಗಿಗಳ ವಿವರ ಬರೆದುಕೊಳ್ಳುತ್ತಿದ್ದ ಸಿಸ್ಟರ್ ಬಬಲೇಶ್ವರದವರು. ಮೊದಲ ತಿಂಗಳಲ್ಲೇ ಅವರು ಫಾರ್ಮುಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದ್ದರು: "ಸರ, ಇವ್ರ ಹುಟ್ಟಿದ ತಾರೀಕ ನೋಡ್ರಿ. ಎಲ್ಲಾರೂ ಜನವರಿ ಒಂದು. ಒಂದ ದಿನ ಇಷ್ಟ ಮಂದಿ ಹುಟ್ಟಿದ್ರ ಸೂಲಗಿತ್ತಿ ಬದುಕತಿದ್ಲೇನ್ರಿ?"

ನಾನು ನಕ್ಕೆ. "ಸಿಸ್ಟರ್, ಅದು ಸರ್ಕಾರಿ ಕಾರ್ಡು. ಕಾರ್ಡಿನ್ಯಾಗ ಇದ್ದದ್ದು ಬರೀರಿ. ನಾವ್ಯಾಕ ತೆಲಿ ಕೆಡಿಸಿಕೊಳ್ಳೂನು?"

"ನಿಮ್ಮ ತೆಲಿ ಗಟ್ಟಿ ಐತಿ ಬಿಡ್ರಿ," ಎಂದು ಕಟ್ಟನ್ನು ಎತ್ತಿಕೊಂಡು ಹೋದರು.

ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ನನ್ನ ಸ್ವಂತ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ ಒಂದು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರು ಕೊಟ್ಟ ತಾರೀಕು ಅದು. ನಮ್ಮವ್ವ ಹೇಳುವುದು, ನಾನು ಸೀತನಿ ತಿನ್ನುವ ದಿನಗಳಲ್ಲಿ, ಎಳೆ ಜೋಳದ ತೆನೆ ಸುಡುವ ಚಳಿಯಲ್ಲಿ ಹುಟ್ಟಿದೆನೆಂದು. ಈ ಸೀಮೆಯಲ್ಲಿ ಬೆಳೆದವನಿಗೆ ಕಾರ್ಡಿನ ವಯಸ್ಸು ಏನೆಂದು ತಿಳಿಯದೇ ಇರುವುದಿಲ್ಲ. ಹೊರಗಿನವನು ಈ ತಪ್ಪು ಮಾಡಿದ್ದರೆ ಅಜ್ಞಾನ ಎನ್ನಬಹುದಿತ್ತು.

ಆ ತಾಯಿ ಟಿಕೋಟಾದವರು. ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಆರಿಸುವ ಕೆಲಸ. ಗಂಡ ತೀರಿಕೊಂಡಿದ್ದರು. ಇದ್ದೊಬ್ಬ ಮಗಳು ಪಿಯುಸಿ ಓದುತ್ತಿದ್ದಳು. ಮಲದಲ್ಲಿ ರಕ್ತ ಕಂಡು ಆಸ್ಪತ್ರೆಗೆ ಬಂದಿದ್ದರು. ಕರುಳಿನ ಬಲಭಾಗದಲ್ಲಿ ಒಂದು ದೊಡ್ಡ ಚಪ್ಪಟೆ ಪಾಲಿಪ್, ಅಂದರೆ ಒಳಪದರದ ಮೇಲೆ ಎದ್ದ ಗಂಟು, ಸಿಕ್ಕಿತು. ಅದು ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ದೊಡ್ಡದಾಗಿದ್ದರಿಂದ ವೈದ್ಯರು ಅದನ್ನು ತುಂಡು ತುಂಡಾಗಿ ತೆಗೆದರು. ಹಾಗೆ ತೆಗೆದಾಗ ಅಂಚಿನಲ್ಲಿ ಸ್ವಲ್ಪ ಉಳಿದು ಮತ್ತೆ ಬೆಳೆಯಬಹುದು. ಅದಕ್ಕೆ ಆರು ತಿಂಗಳಿಗೆ ಮತ್ತೆ ಕ್ಯಾಮೆರಾ ಹಾಕಿ ನೋಡಲೇಬೇಕೆಂದು ಬರೆದುಕೊಟ್ಟರು. ನಮ್ಮ ಅಧ್ಯಯನಕ್ಕೂ ಅವರು ಚೂರು ಕೊಟ್ಟರು. ಒಪ್ಪಿಗೆ ಪತ್ರದಲ್ಲಿ ಒಂದು ಸಾಲಿತ್ತು: ಈ ಪರೀಕ್ಷೆಯ ಫಲಿತಾಂಶವನ್ನು ಯಾರಿಗೂ ವೈಯಕ್ತಿಕವಾಗಿ ತಿಳಿಸಲಾಗುವುದಿಲ್ಲ. ಆ ಸಾಲನ್ನು ಕನ್ನಡದಲ್ಲಿ ಬರೆದವನು ನಾನೇ.

ಆರು ತಿಂಗಳ ನಂತರ ಒಂದು ಬೆಳಿಗ್ಗೆ ಅವರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಮರುದಿನದ ಪರೀಕ್ಷೆಗೆ ಹೊಟ್ಟೆ ತೊಳೆಯುವ ಪುಡಿಯ ಪೊಟ್ಟಣಗಳು ಕೈಯಲ್ಲಿದ್ದವು.

"ಸರ, ಹೋದ ಸಲ ನನ್ನ ಹೊಟ್ಟ್ಯಾಂದ ಚೂರು ತಗೊಂಡಿದ್ರೆಲ್ಲ, ಅದೇನಾತ್ರಿ?"

"ಅದು ಬರೇ ಅಭ್ಯಾಸಕ್ಕ ಅಮ್ಮಾ."

"ಹೋದ ಸಲ ಈ ಉಪ್ಪನೀರ ಕುಡದು ಸತ್ತ ಹುಟ್ಟಿದಂಗ ಆಗಿತ್ರಿ. ನಿಮ್ಮ ಮಷೀನಿಗೆ ಎಲ್ಲಾ ತಿಳೀತೈತಂತ. ಒಂದೀಟ ನೋಡಿ ಹೇಳ್ರೆಲ."

ಮಷೀನಿಗೆ ಎಲ್ಲಾ ತಿಳಿಯುತ್ತದೆ ಎಂದದ್ದು ನನಗೆ ಹಿಡಿಸಿತು. ಹೆಸರಿಗೂ ಸಂಕೇತ ಸಂಖ್ಯೆಗೂ ನಂಟು ತಿಳಿಸುವ ಪುಸ್ತಕ ಬೀರುವಿನಲ್ಲಿತ್ತು. ಬೀಗದ ಕೈ ನನ್ನ ಬಳಿ ಇತ್ತು. ತೆಗೆದೆ. ಸಂಖ್ಯೆ ಹುಡುಕಿದೆ. ನಕ್ಷೆಯಲ್ಲಿ ಅವರ ಚುಕ್ಕೆ ಅರವತ್ತೆರಡರ ನೇರಕ್ಕೆ, ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ಇತ್ತು. ಆಗ ಆ ಎರಡು ವಾಕ್ಯ ಹೇಳಿದೆ. ಅವರ ಮುಖ ಅರಳಿತು. "ಅಲ್ಲಾ ನಿಮ್ಮನ್ನ ಚಂದ ಇಟ್ಟಿರಲಿ," ಎಂದು ಪೊಟ್ಟಣಗಳನ್ನು ಚೀಲದ ತಳಕ್ಕೆ ತುರುಕಿ ಹೊರಟರು.

ನಾಳೆಯ ಪರೀಕ್ಷೆ ಬಿಡಿ ಎಂದು ನಾನು ಹೇಳಲಿಲ್ಲ. ಬಿಡಬೇಡಿ ಎಂದೂ ಹೇಳಲಿಲ್ಲ. ಮರುದಿನದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಬಂದಿಲ್ಲ' ಎಂದು ಬರೆದಿತ್ತು. ಆ ಪಟ್ಟಿಯನ್ನು ನಾನು ನೋಡಿಯೇ ಇಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ನೋಡಿದ್ದೆ. ಊರಿಂದ ಬಸ್ಸು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡು ಮುಂದಿನ ತಂಡದ ಕೆಲಸಕ್ಕೆ ಕುಳಿತೆ.

ಒಂದು ವರ್ಷಕ್ಕೂ ಮೇಲೆ ಹೋಯಿತು. ನಮ್ಮ ಫಲಿತಾಂಶ ಚೆನ್ನಾಗಿ ಬಂದಿತ್ತು: ಕರುಳಿನಲ್ಲಿ ಗಂಟು ಸಿಕ್ಕವರ ಚುಕ್ಕೆಗಳು ಒಟ್ಟಾರೆ ಸಿಗದವರಿಗಿಂತ ಸ್ಪಷ್ಟವಾಗಿ ಮೇಲಿದ್ದವು. ಪ್ರಬಂಧ ಬರೆದು ಕಳಿಸುವ ಹಂತದಲ್ಲಿದ್ದೆವು. ಅಧ್ಯಯನದ ಮುಖ್ಯಸ್ಥೆಯಾದ ಮೇಡಂ ಒಂದು ದಿನ ನನ್ನನ್ನು ಕರೆದು ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದರು. ಪೆನ್ಸಿಲಿನ ತುದಿಯಿಂದ ಐವತ್ತೆರಡು, ಐವತ್ತೇಳು, ಅರವತ್ತೆರಡು ಎಂದು ಮುಟ್ಟುತ್ತ ಹೋದರು. ಆ ವಯಸ್ಸುಗಳ ಮೇಲೆ ಚುಕ್ಕೆಗಳು ಒಂದರ ಮೇಲೊಂದು ಕಂಬದ ಹಾಗೆ ನಿಂತಿದ್ದವು. ನಡುವೆ ಚುಕ್ಕೆಗಳು ವಿರಳ.

"ಈ ಕಂಬ ಯಾಕ?" ಎಂದರು.

ಕಾರ್ಡು ಮಾಡಿದ ವರ್ಷ ನಲವತ್ತು, ನಲವತ್ತೈದು, ಐವತ್ತು ಎಂದು ಅಂದಾಜಿನಲ್ಲಿ ಬರೆದಿರಬಹುದು, ಆದರೂ ಒಟ್ಟು ಗೆರೆ ಬದಲಾಗಲಿಕ್ಕಿಲ್ಲ ಎಂದೆ. ಮೇಡಂ ಒಪ್ಪಿದಂತೆಯೂ ಇಲ್ಲ, ಒಪ್ಪದಂತೆಯೂ ಇಲ್ಲ. ಫಾರ್ಮುಗಳನ್ನು ತೆಗೆದು ನೋಡಲು ಹೇಳಿದರು.

ನೋಡಿದೆ. ಪುಟದ ಮೇಲೆ ಪುಟ ಜನವರಿ ಒಂದು. ಮೂರನೆಯ ದಿನ ಟಿಕೋಟಾದ ತಾಯಿಯ ಫಾರ್ಮು ಕೈಗೆ ಬಂತು. ಅಲ್ಲಿಯೂ ಜನವರಿ ಒಂದು. ಚೂರು ಕೊಟ್ಟಾಗಿನ ವಯಸ್ಸು ಅರವತ್ತೆರಡು. ಅದರ ಕೆಳಗಿನ ಕುಟುಂಬದ ವಿವರದಲ್ಲಿ: ಒಬ್ಬಳೇ ಮಗಳು, ಹದಿನೇಳು ವರ್ಷ. ಹಾಗಾದರೆ ಅವರು ನಲವತ್ತೈದಕ್ಕೆ ಹೆತ್ತಿರಬೇಕು. ಆಗುವುದೇ ಇಲ್ಲ ಎನ್ನಲಾಗದು. ಆದರೆ ಬಾಗಿಲಲ್ಲಿ ನಿಂತ ಹೆಂಗಸು ನೆನಪಾದರು. ತಲೆ ಪೂರ್ತಿ ಬಿಳಿ, ನಿಜ. ಕೊರಳಿನ ಚರ್ಮ, ಕೈಯ ನರ, ನಡೆಯುವ ಚುರುಕು ಯಾವುದೂ ಅರವತ್ತೆರಡರದ್ದಲ್ಲ. ಅವರ ಚುಕ್ಕೆಯನ್ನು ಹತ್ತು ವರ್ಷ ಎಡಕ್ಕೆ ಸರಿಸಿ ನೋಡಿದೆ. ಅದು ಗೆರೆಗಿಂತ ಬಹಳ ಮೇಲೆ ಹೋಗಿ, ಸುತ್ತ ಯಾರೂ ಇಲ್ಲದ ಕಡೆ ನಿಂತಿತು.

ಜನವರಿ ಒಂದರವರನ್ನು ಕೈಬಿಟ್ಟು ಲೆಕ್ಕ ಮಾಡಿದರೆ ಪ್ರಬಂಧ ಚಿಕ್ಕದಾಗುತ್ತಿತ್ತು, ಆದರೆ ಉಳಿಯುತ್ತಿತ್ತು. ಅದಕ್ಕೆ ವೈಜ್ಞಾನಿಕ ಕಾರಣವನ್ನೂ ಕೊಡಬಹುದಿತ್ತು. ಎರಡು ದಿನ ಅದನ್ನೇ ಮಾಡಿದೆ. ಎರಡನೆಯ ದಿನ ಸಂಜೆ ಅವರ ಸಾಲನ್ನು ಅಳಿಸಬೇಕಾಯಿತು. ಬೆರಳು ಕೀಲಿಮಣೆಯ ಮೇಲೆ ಇತ್ತು. ಪಟ್ಟಿಯಿಂದ ಅಳಿಸಿದರೆ ಅವರು ಪರೀಕ್ಷೆಗೆ ಬಂದಂತಾಗುವುದಿಲ್ಲ. ಎದ್ದು ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಕಾರ್ಡಿನ ವಿಷಯ ಮೊದಲು, ಬಾಗಿಲಲ್ಲಿ ಆಡಿದ ಮಾತು ಆಮೇಲೆ.

ಮೇಡಂ ಕನ್ನಡಕ ತೆಗೆದಿಟ್ಟರು. "ಈ ಮಾತು ಯಾರ ಯಾರಿಗೆ ಹೇಳೀರಿ?"

"ಅವರೊಬ್ಬರಿಗೇರಿ."

"ಖರೇನ?"

"ಖರೇರಿ."

"ನಾಳೆ ಹೋಗಿ ಕರಕೊಂಡ ಬರ್ರಿ. ಸಮಿತಿಗೆ ನೀವ ಬರೀಬೇಕು, ನಾ ಬರಿಯಂಗಿಲ್ಲ. ಪೇಪರ್ ಎಲ್ಲಿ ಓಡಿ ಹೋಗತೈತಿ? ಅದು ಆಮ್ಯಾಲೆ." ನಾನು ಬಾಗಿಲು ದಾಟುವಾಗ ಇನ್ನೊಂದು ಮಾತು ಸೇರಿಸಿದರು: "ವಯಸ್ಸ ಸರಿ ಇತ್ತಂದ್ರೂ ನೀವು ಹೇಳಿದ್ದು ತಪ್ಪ."

ಅದು ನಿಜ. ಒಂದು ಚುಕ್ಕೆಯನ್ನು ನೋಡಿ ಒಬ್ಬ ವ್ಯಕ್ತಿಯ ಬಗ್ಗೆ ಏನನ್ನೂ ಹೇಳಲು ಬರುವುದಿಲ್ಲ. ನಮ್ಮದು ಗುಂಪಿನ ಅಧ್ಯಯನ. ಕಾರ್ಡಿನ ತಪ್ಪನ್ನು ಹಿಡಿದು ನಾನು ಅದರ ಹಿಂದೆ ಅಡಗಿಕೊಳ್ಳಲು ನೋಡುತ್ತಿದ್ದೆ.

ಮರುದಿನ ಸಿಸ್ಟರ್ ಜೊತೆ ಟಿಕೋಟಾಕ್ಕೆ ಹೋದೆ. ದಾರಿಯಲ್ಲಿ ಅವರಿಗೂ ಹೇಳಿದೆ. ಸೂಲಗಿತ್ತಿಯ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ಹಗುರವಾಗುತ್ತಿತ್ತು.

ಶೆಡ್ಡು ಊರ ಹೊರಗೆ. ಹಸಿರು ಬಲೆಯ ಒಳಗೆ ಅಂತಸ್ತು ಅಂತಸ್ತಾಗಿ ಹರಡಿದ ದ್ರಾಕ್ಷಿ, ಗಾಳಿಯಲ್ಲಿ ಗಂಧಕದ ಘಾಟು. ಹೆಂಗಸರು ತಾಡಪತ್ರಿಯ ಮೇಲೆ ಕುಳಿತು ಕಪ್ಪಾದ ಹಣ್ಣುಗಳನ್ನು ಬೇರೆ ಮಾಡುತ್ತಿದ್ದರು. ಆ ತಾಯಿ ನನ್ನನ್ನು ದೂರದಿಂದಲೇ ಗುರುತಿಸಿದರು.

"ಅಯ್ಯ, ಮಷೀನಿನ ಸರ ಬಂದಾರ ನೋಡ್ರೆವ್ವಾ! ನನಗೇನೂ ಇಲ್ಲಂತ ಹೇಳಿದವ್ರು ಇವರ." ಒಂದು ಬೊಗಸೆ ಒಣದ್ರಾಕ್ಷಿ ತಂದು ಕೈಗೆ ಸುರಿದರು. ಬೇಡವೆನ್ನಲು ಆಗಲಿಲ್ಲ. ತಿನ್ನಲೂ ಆಗಲಿಲ್ಲ.

"ಅಮ್ಮಾ, ನಿಮ್ಮ ವಯಸ್ಸ ಎಷ್ಟ್ರಿ?"

"ಕಾರ್ಡಿನ್ಯಾಗ ಐತೆಲ್ಲ."

"ಕಾರ್ಡಿಂದಲ್ಲ. ಖರೇ ಖರೇ."

ಪಕ್ಕದಲ್ಲಿ ಕುಳಿತಿದ್ದವಳು ತಲೆ ಎತ್ತಿ, "ಯಾಕ್ರಿ ಸರ, ಹೆಣ್ಣ ನೋಡಾಕ ಬಂದೀರೇನ?" ಎಂದಳು. ಎಲ್ಲರೂ ನಕ್ಕರು. ಆ ತಾಯಿಯೂ ನಕ್ಕು ಹೇಳಿದರು: "ನನಗೇನ ಗೊತ್ರಿ? ಕಾರ್ಡ ಮಾಡಾವ ನನ್ನ ತೆಲಿ ನೋಡಿದ. ನಮ್ಮ ಮನಿತನದಾಗ ಲಗೂನ ಬಿಳಿ ಆಗತಾವ. ಐವತ್ತ ಬರೀಲೇನಂದ. ಬರಿಯಪ್ಪಾ ಅಂದೆ. ಅವಂಗೂ ಗಡಿಬಿಡಿ, ನನಗೂ ಗಡಿಬಿಡಿ. ಖರೇ ವಯಸ್ಸ ಬೇಕಂದ್ರ ಬಬಲೇಶ್ವರದಾಗ ನಮ್ಮ ದೊಡ್ಡಾಕಿ ಅದಾಳ, ಆಕೀನ್ನ ಕೇಳ್ರಿ."

ಆಗಲೇ ಅಲ್ಲೇ ಎಲ್ಲ ಹೇಳಿಬಿಡಬಹುದಿತ್ತು. ಅಷ್ಟು ಹೆಂಗಸರ ಎದುರು ಬಾಯಿ ಏಳಲಿಲ್ಲ. ಆ ತಾಯಿಯನ್ನೂ ಆಟೋದಲ್ಲಿ ಕೂರಿಸಿಕೊಂಡು ಒಳದಾರಿಯಿಂದ ಬಬಲೇಶ್ವರಕ್ಕೆ ಹೋದೆವು. ದಾರಿಯುದ್ದಕ್ಕೂ ಅವರು ಮಗಳ ಪರೀಕ್ಷೆಯ ಮಾತಾಡುತ್ತಿದ್ದರು.

ಅವರ ಅಕ್ಕ ಬಾಗಿಲ ಮುಂದೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಪ್ರಶ್ನೆ ಕೇಳಿ ಅವರಿಗೆ ಆಶ್ಚರ್ಯವಾಗಲಿಲ್ಲ. "ಇಕಿದೇನ್ರಿ? ಎಪ್ಪತ್ತೆರಡರ ಬರಗಾಲದಾಗ ನಮ್ಮವ್ವ ಕಾಮಗಾರಿಗೆ ಕಲ್ಲ ಒಡ್ಯಾಕ ಹೋಗತಿದ್ಲು. ಇಕಿ ಹೊಟ್ಟ್ಯಾಗಿದ್ಲು. ನಾ ಅವ್ವಗ ಬುತ್ತಿ ಒಯ್ಯತಿದ್ದೆ, ಆ ಸರ್ಕಾರದ ಕೆಂಪ ಜ್ವಾಳದ ರೊಟ್ಟಿ. ಬರ ಮುಗ್ಯೂದರಾಗ ಇಕಿ ಬಂದ್ಲು. ಅದಕ್ಕ ಹಿಂಗ ಒಣಾ ಅದಾಳ."

ಬೆರಳು ಮಡಿಚಿ ಲೆಕ್ಕ ಮಾಡಿದೆ. ನಾವು ಚೂರು ತೆಗೆದಾಗ ಅವರಿಗೆ ಐವತ್ತು. ನನಗಿಂತ ಹತ್ತು ವರ್ಷ ದೊಡ್ಡವರು. ಅಷ್ಟು ದಿನ ಅಮ್ಮಾ ಎಂದು ಕರೆದಿದ್ದೆ.

"ಅಕ್ಕಾರ," ಎಂದು ತಂಗಿಗೆ ಹೇಳಿದೆ, "ನಾ ಅವತ್ತ ಹೇಳಿದ್ದು ತಪ್ಪ. ನಿಮ್ಮ ವಯಸ್ಸ ತಪ್ಪ ಹಿಡದಿದ್ದೆ. ವಯಸ್ಸ ಸರಿ ಇದ್ದಿದ್ರೂ ನಾ ಹಂಗ ಹೇಳಬಾರದಿತ್ತು. ನನ್ನ ಮಷೀನಿಗೆ ನಿಮ್ಮ ಬ್ಯಾನಿ ತಿಳಿಯಂಗಿಲ್ಲ. ಡಾಕ್ಟರು ಆರು ತಿಂಗಳಿಗೆ ನೋಡಬೇಕಂದಿದ್ರು. ನನ್ನ ಮಾತ ಕೇಳಿ ನೀವು ಬಿಟ್ರಿ."

ಅವರು ಸೆರಗು ಬಿಗಿದು ಸಿಕ್ಕಿಸಿಕೊಂಡರು. "ಅವತ್ತ ಆರಾಮ ಅಂದ್ರಿ. ಇವತ್ತ ತಪ್ಪಂತೀರಿ. ನಾಳೆ ಏನಂತೀರಿ?"

"ನಾಳೆ ನಾ ಏನೂ ಅನ್ನಂಗಿಲ್ರಿ."

"ನಾ ಬರಂಗಿಲ್ಲ. ನನಗೇನೂ ಆಗಿಲ್ಲ."

ಅಕ್ಕ ತೊಟ್ಟು ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಓದಿದವ್ರ ಬಾಯಾಗ ಇಂಥಾ ಮಾತು ಬರಬಾರದಪಾ." ಆಮೇಲೆ ಅವರು ತಂಗಿಗೆ ಹೇಳಿದರು: "ಇವನ ಮ್ಯಾಲಿನ ಸಿಟ್ಟಿಗೆ ನೀ ಸಾಯ್ತೀ ಏನ? ಹೋಗೂದ. ಆ ನೀರ ನಾ ಕುಡಸ್ತೇನಿ. ಸಣ್ಣಾಕಿದ್ದಾಗ ನಿನ್ನ ಮೂಗ ಹಿಡದು ಹರಳೆಣ್ಣಿ ಕುಡಿಸಿದಾಕಿ ನಾ."

ಮೂರು ದಿನದ ನಂತರ ಪರೀಕ್ಷೆ ಆಯಿತು. ನಾನು ಒಳಗೆ ಹೋಗಲಿಲ್ಲ. ಹಳೆಯ ಗಾಯದ ಅಂಚಿನಲ್ಲಿ ಮತ್ತೆ ಬೆಳೆದಿತ್ತು. ಈ ಸಲದ್ದು ಕ್ಯಾನ್ಸರ್. ಒಳಪದರವನ್ನು ದಾಟಿ ಕೆಳಗಿಳಿದಿದ್ದರಿಂದ ಕ್ಯಾಮೆರಾ ಕೊಳವೆಯಿಂದಲೇ ತೆಗೆಯುವಂತಿರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಕರುಳಿನ ಬಲಭಾಗವನ್ನು ತೆಗೆದರು. ಸುತ್ತಲಿನ ಗ್ರಂಥಿಗಳಿಗೆ ಹರಡಿರಲಿಲ್ಲ.

ಆರನೆಯ ದಿನ ವಾರ್ಡಿಗೆ ಹೋದೆ. ಅಕ್ಕ ಗಂಜಿ ತರಲು ಕೆಳಗೆ ಹೋಗಿದ್ದರು. ಅವರು ಮೇಲೆ ನೋಡುತ್ತ ಮಲಗಿದ್ದರು.

"ಒಂದ ಮಾತ ಕೇಳ್ತೇನಿ, ಸುಳ್ಳ ಹೇಳಬಾರದು. ಅವತ್ತ ನಾ ಆ ನೀರ ಕುಡದು ಬಂದಿದ್ರ?"

ವೈದ್ಯರು ನನಗೆ ಹೇಳಿದ್ದರು, ಖಚಿತವಾಗಿ ಹೇಳಲಾಗದೆಂದು. ಅದನ್ನೇ ಹೇಳಿ ಪಾರಾಗಬಹುದಿತ್ತು. "ಪಕ್ಕಾ ಹೇಳಾಕ ಬರಂಗಿಲ್ರಿ ಅಕ್ಕಾರ," ಎಂದೆ. "ಆದ್ರ ಅವತ್ತ ಬಂದಿದ್ರ ಬಹುತೇಕ ಸಣ್ಣದಿರತಿತ್ತು. ಹೊಟ್ಟಿ ಕೊಯ್ಯೂದು ಬೇಕಾಗತಿರಲಿಲ್ಲ."

ಅವರು ಕಣ್ಣು ಮುಚ್ಚಿದರು. "ಹೋಗ್ರಿ ಇನ್ನ," ಎಂದರು. ಹೊರಗೆ ಬಂದೆ.

ಸಮಿತಿ ಹೆಸರು, ಸಂಖ್ಯೆಗಳ ಪುಸ್ತಕವಿದ್ದ ಬೀರುವಿನ ಬೀಗದ ಕೈಯನ್ನು ನನ್ನಿಂದ ತೆಗೆದುಕೊಂಡಿತು. ಪ್ರಬಂಧವನ್ನು ಮೇಡಂ ತಡೆಹಿಡಿದರು. ನಂತರದ ಎಂಟು ತಿಂಗಳು ಸಿಸ್ಟರ್ ಮತ್ತು ನಾನು ಊರೂರು ಅಲೆದೆವು. ಅವರು ಕೇಳುತ್ತಿದ್ದರು, ನಾನು ಬರೆಯುತ್ತಿದ್ದೆ: ಬರಗಾಲದಲ್ಲಿ ನಡೆಯುತ್ತಿದ್ದಿರೋ, ಎತ್ತಿಕೊಳ್ಳಬೇಕಿತ್ತೋ, ಅಣ್ಣನ ಲಗ್ನದಲ್ಲಿ ಎಷ್ಟು ಎತ್ತರ ಇದ್ದಿರಿ, ಮೊದಲ ಕೂಸು ಹುಟ್ಟಿ ಎಷ್ಟು ವರ್ಷವಾಯಿತು. ಒಬ್ಬರ ಮಾತನ್ನು ಮನೆಯ ಇನ್ನೊಬ್ಬರ ಮಾತಿಗೆ ಹಚ್ಚಿ ನೋಡುತ್ತಿದ್ದೆವು. ಎರಡೂ ಕೂಡದಿದ್ದರೆ ವಯಸ್ಸಿನ ಜಾಗದಲ್ಲಿ 'ತಿಳಿಯದು' ಎಂದು ಬರೆದೆವು. ಹೊಸ ವಯಸ್ಸುಗಳನ್ನು ಹಾಕಿದಾಗ ಕಂಬಗಳು ಕರಗಿದವು. ನಾವು ಮೊದಲು ಕಂಡ ಸ್ಪಷ್ಟವಾದ ವ್ಯತ್ಯಾಸವೂ ಬಹಳಷ್ಟು ಕರಗಿತು. ಸ್ವಲ್ಪ ಉಳಿದಿದೆ. ಅದಕ್ಕೆ ಅರ್ಥವಿದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಶಸ್ತ್ರಚಿಕಿತ್ಸೆಯಾಗಿ ವರ್ಷ ತುಂಬಿದಾಗ ಅವರ ಹೆಸರು ಮತ್ತೆ ಪರೀಕ್ಷೆಯ ಪಟ್ಟಿಯಲ್ಲಿ ಬಂತು. ಹಿಂದಿನ ದಿನ ಸಿಸ್ಟರ್ ಕೈಯಿಂದ ಫೋನ್ ಮಾಡಿಸಿದೆ. ಬೆಳಿಗ್ಗೆ ಅಕ್ಕತಂಗಿ ಇಬ್ಬರೂ ಬಂದರು. ನಾನು ಕಾರಿಡಾರಿನ ಕೊನೆಯಲ್ಲಿ ನಿಂತಿದ್ದೆ. ಅವರು ನೋಡಿ ಒಳಗೆ ಹೋದರು. ಪರೀಕ್ಷೆ ಮುಗಿದು, ಮಂಪರು ಇಳಿದ ಮೇಲೆ ವೈದ್ಯರು ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಬಾಗಿಲು ಮುಚ್ಚಿತ್ತು.

ಹೊರಗೆ ಬಂದವರು ನೇರ ನನ್ನ ಹತ್ತಿರ ಬಂದು ನಿಂತರು.

"ಏನಂದ್ರು ಅಂತ ಕೇಳಂಗಿಲ್ಲೇನು?"

ಕೂರಲು ಬೆಂಚು ತೋರಿಸಿದೆ. ಅವರು ಕೂರಲಿಲ್ಲ.

"ಈ ಸಲ ಏನೂ ಕಂಡಿಲ್ಲಂತ. ಅಂದ್ರ ಮುಗೀತು ಅಂತಲ್ಲಂತ. ಮತ್ತ ಬರಬೇಕಂತ." ವೈದ್ಯರು ಹೇಳಿದ್ದನ್ನು ಒಂದೊಂದೇ ಮಾತಾಗಿ, ತಪ್ಪದಂತೆ ನನಗೆ ಹೇಳಿದರು. ಚೀಟಿಯನ್ನು ನನ್ನ ಕೈಗೆ ಕೊಡಲಿಲ್ಲ. ನಾಲ್ಕಾಗಿ ಮಡಚಿ ಕುಬಸದೊಳಗೆ ಇಟ್ಟುಕೊಂಡರು.

"ಬರತೇನಿ," ಎಂದರು. "ಯಾರೇನ ಹೇಳಿದ್ರೂ ಬರತೇನಿ."

ಅಕ್ಕನ ತೋಳು ಹಿಡಿದು ಮೆಟ್ಟಿಲು ಇಳಿದರು.